ಕಾರಣ ಎಂಬ ಕಾಲಮ್ಮಿನಲ್ಲಿ

"ನಿಮ್ಮ ಪಟ್ಟಿ ನಂಬಿ ಮಗನ್ನ ಕಳಿಸಿದ್ದೆ. ಅರ್ಧ ತಲೆ ಕತ್ತರಿಸಿ ವಾಪಸ್ ಕಳಿಸಿದಾನೆ! ಎಡಗಡೆ ಕಟಿಂಗ್ ಆಗಿದೆ, ಬಲಗಡೆ ಪೊದೆ ಹಾಗೇ ಇದೆ. ಅದೇನು ಸಲೂನೋ ಸರ್ಕಸ್ಸೋ?"

ಫೋನಿನ ಆ ಕಡೆ ಇದ್ದವಳು ಟೈಲರಮ್ಮ. ಈ ಕಡೆ ಇದ್ದವಳು ಪಟ್ಟಿಯಕ್ಕ. ಪಟ್ಟಿಯಕ್ಕನಿಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಆದರೆ ಅವತ್ತು ಅರ್ಧ ಕೋಪ ಸಲೂನಿನವನ ಮೇಲಿದ್ದರೆ ಇನ್ನರ್ಧ ತನ್ನ ಮೇಲೇ ಇತ್ತು.

ಲೈಬ್ರರಿಯ ಮಹಡಿಯ ಮೇಲೆ, ಹಳೆಯ ಪತ್ರಿಕೆಗಳ ಕೋಣೆಯ ಪಕ್ಕ, ಎರಡು ಮೇಜು, ಒಂದು ಫೋನು, ಒಂದು ಬೀರು ಇರುವ ಸಹಾಯ ಕೇಂದ್ರ ಅವಳದು. ಆಟಿಸಂ ಇರುವ ಮಕ್ಕಳು, ಒಂದು ಕ್ಷಣ ಕೂತಲ್ಲಿ ಕೂರಲಾಗದ ಮಕ್ಕಳು, ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುವ ಮಕ್ಕಳು, ಇವರ ಅಪ್ಪ ಅಮ್ಮಂದಿರು ಅಲ್ಲಿಗೆ ಬರುತ್ತಿದ್ದರು. ಅವರು ಕೇಳುತ್ತಿದ್ದದ್ದು ದೊಡ್ಡ ದೊಡ್ಡ ಚಿಕಿತ್ಸೆಯನ್ನಲ್ಲ. "ನನ್ನ ಮಗಳ ಹಲ್ಲು ನೋಡೋ, ಕಿರುಚಿದ್ರೆ ಬೈಯದ ಡಾಕ್ಟರ್ ಯಾರಾದ್ರೂ ಇದಾರಾ?" "ಈಜು ಕಲಿಸೋರು ಯಾರು?" "ಒಂದು ಗಂಟೆ ಮಗನ್ನ ನೋಡ್ಕೊಳ್ಳೋರು ಸಿಕ್ಕಿದ್ರೆ ನಾನೊಂದು ನಿದ್ದೆ ಮಾಡ್ತಿದ್ದೆ" ಎಂದಷ್ಟೇ. ಅಂಥ ನಂಬಿಕಸ್ಥರ ಹೆಸರುಗಳೇ ಪಟ್ಟಿ.

ಪಟ್ಟಿಗೆ ಹೆಸರು ಸೇರುವುದು ಸುಲಭವಿರಲಿಲ್ಲ. ಮೂರು ಮನೆಯವರು ಒಳ್ಳೆಯ ಮಾತು ಹೇಳಬೇಕು. ಆಮೇಲೆ ಪಟ್ಟಿಯಕ್ಕ ಹೇಳದೆ ಕೇಳದೆ ಹೋಗಿ ಕಣ್ಣಾರೆ ನೋಡಬೇಕು. ಆಮೇಲೆ ಸಹಿ. ಈ ಸಲೂನಿಗೆ ಮೂರು ಮನೆಯವರ ಮಾತು ಬಂದಿತ್ತು, ಅವಳು ಹೋಗಿ ನೋಡಿರಲಿಲ್ಲ. ಟೈಲರಮ್ಮ ಅವಸರ ಮಾಡಿದಳೆಂದು ಬಾಯಿ ಜಾರಿ ಹೆಸರು ಹೇಳಿಬಿಟ್ಟಿದ್ದಳು. ಅದಕ್ಕೇ ಆ ಇನ್ನರ್ಧ ಕೋಪ.

ಚೀಲ ಹೆಗಲಿಗೇರಿಸಿ ಹೊರಟಳು.

ಸಲೂನು ಬಸ್ ಡಿಪೋ ಹಿಂದಿನ ಬೀದಿಯಲ್ಲಿ, ಶೂ ರಿಪೇರಿ ಅಂಗಡಿಗೂ ಸ್ಟೇಷನರಿ ಅಂಗಡಿಗೂ ನಡುವೆ ಇತ್ತು. ಬಾಗಿಲು ತಳ್ಳಿದಾಗ ಮೇಲಿನ ಗಂಟೆ ಸದ್ದು ಮಾಡಲಿಲ್ಲ. ಯಾರೋ ಅದಕ್ಕೆ ಬಟ್ಟೆ ಸುತ್ತಿದ್ದರು. ಒಳಗೆ ಎರಡು ಟ್ಯೂಬ್‌ಲೈಟಿನಲ್ಲಿ ಒಂದು ಆರಿತ್ತು, ಕನ್ನಡಿಗೆ ಅರ್ಧ ಪರದೆ ಎಳೆದಿತ್ತು. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಒಬ್ಬ ಗಂಡಸು ಕೂತಿದ್ದ. ಮೇಜಿನ ಕೆಳಗಿನಿಂದ ಎರಡು ಪುಟ್ಟ ಕಾಲುಗಳು ಕಾಣುತ್ತಿದ್ದವು, ಒಂದಕ್ಕೆ ಹಳದಿ ಕಾಲುಚೀಲ, ಇನ್ನೊಂದಕ್ಕೆ ನೀಲಿ.

ಅವನು ತಿರುಗದೆಯೇ ಹೇಳಿದ: "ಮೆತ್ತಗೆ ಬೈಯೋದಾದ್ರೆ ಈಗಲೇ ಬೈಬಹುದು. ಜೋರಾಗಿ ಬೈಯೋದಾದ್ರೆ ದಯವಿಟ್ಟು ಅರ್ಧ ಗಂಟೆ ಕೂತಿರಿ."

"ನಾನು ಬೈಯೋಕೆ ಬಂದಿದೀನಿ ಅಂತ ಯಾರು ಹೇಳಿದ್ರು?"

"ನಿಮ್ಮ ಚಪ್ಪಲಿ. ಮೆಟ್ಟಿಲ ಮೇಲೆಯೇ ಹೇಳ್ತು."

ಪಟ್ಟಿಯಕ್ಕ ಕೂತಳು. ಬೇರೆ ಯಾರದೋ ಮಗುವನ್ನು ಎತ್ತಿಕೊಂಡ ಹಾಗೆ ಕೋಪವನ್ನು ಮಡಿಲಲ್ಲಿಟ್ಟುಕೊಂಡು, ಎಲ್ಲಿಡುವುದೆಂದು ತಿಳಿಯದೆ ನಲವತ್ತು ನಿಮಿಷ ಕೂತಳು. ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬ ತಾಯಿ ಅವಳನ್ನು ನೋಡಿ ಸಣ್ಣಗೆ ನಕ್ಕಳು. ಅವನು ನೀರು ಚಿಮ್ಮುವ ಬಾಟಲಿಯನ್ನು ಮೇಜಿನ ಕೆಳಕ್ಕೆ ಸರಿಸಿದ. ಸುಮಾರು ಹೊತ್ತಾದ ಮೇಲೆ ಬಾಟಲಿ ಹಿಡಿದ ಪುಟ್ಟ ಕೈ ಹೊರಬಂತು, ಆಮೇಲೆ ಪುಟ್ಟ ಹುಡುಗಿ ಬಂದಳು. ಬಂದವಳು ಅವನ ಮುಖಕ್ಕೇ ಗುರಿಯಿಟ್ಟು ಫುಸ್ ಅಂತ ನೀರು ಹೊಡೆದಳು. ಅವನು ಕಣ್ಣು ಮುಚ್ಚಿಕೊಂಡು ಸುಮ್ಮನೆ ಹೊಡೆಸಿಕೊಂಡ. ಹುಡುಗಿ ಬಿದ್ದು ಬಿದ್ದು ನಕ್ಕಳು. ಅಲ್ಲಿಗೆ ಅವಳ ಸರದಿ ಮುಗಿಯಿತು. ತಾಯಿ ಕೈ ಹಿಡಿದುಕೊಂಡು ಖುಷಿಯಾಗಿ ಹೊರಟಳು.

"ಇವತ್ತು ಒಂದು ಕೂದಲೂ ಕತ್ತರಿಸಲಿಲ್ಲವಲ್ಲ!" ಎಂದಳು ಪಟ್ಟಿಯಕ್ಕ. ಬೈಯಬೇಕೆಂದಿದ್ದ ಮಾತೆಲ್ಲ ಎಲ್ಲಿಗೋ ಹೋಗಿ ಇದೇ ಮೊದಲು ಬಂತು.

"ಹೋದ ವಾರ ಬಾಗಿಲು ದಾಟಿರಲಿಲ್ಲ. ಇವತ್ತು ಮೇಜಿನ ಕೆಳಗಿಂದ ಹೊರಗೆ ಬಂದ್ಲು." ಟವೆಲಿನಲ್ಲಿ ಮುಖ ಒರೆಸಿಕೊಂಡ. "ಈಗ ಹೇಳಿ. ಜೋರಾಗೇ ಬೈಬಹುದು, ಮಕ್ಕಳು ಯಾರೂ ಇಲ್ಲ."

ಟೈಲರಮ್ಮನ ಮಗನ ವಿಷಯ ಹೇಳಿದಳು. ಅವನು ತಲೆಯಾಡಿಸಿದ. ಅರ್ಧ ಕೆಲಸ ಆದಾಗ ಹುಡುಗ ಕೈ ಎತ್ತಿದನಂತೆ. ಅಲ್ಲಿ ಕೈ ಎತ್ತಿದರೆ ಸಾಕು ಎಂದು ಅರ್ಥ. ಸಾಕು ಎಂದ ಮೇಲೆ ಮುಗಿಯಿತು, ಎಡಗಡೆಯಾಗಲಿ ಬಲಗಡೆಯಾಗಲಿ.

"ಅಜ್ಜನ ಜೊತೆ ಬಂದಿದ್ದ. ಗುರುವಾರ ಮತ್ತೆ ಕರ್ಕೊಂಡು ಬನ್ನಿ ಅಂತ ಹೇಳಿ ಕಳಿಸಿದೆ. ಅಜ್ಜ ಮಗಳಿಗೆ ಹೆದರಿ ಬಾಯಿ ಬಿಟ್ಟಿಲ್ಲ ಅನಿಸುತ್ತೆ."

"ಆದ್ರೂ ಅರ್ಧ ತಲೆಯಲ್ಲಿ ಬೀದಿಗೆ ಕಳಿಸೋದಾ? ಜನ ನಗಲ್ವಾ?"

"ನಗ್ತಾರೆ. ನಕ್ಕವರಿಗೆ ಗುರುವಾರದ ತನಕ ಮಜಾ. ಹಿಡಿದು ಕೂರಿಸಿ ಮುಗಿಸಿದ್ರೆ ಆ ಹುಡುಗನಿಗೆ ಇನ್ನು ಹತ್ತು ವರ್ಷ ಭಯ." ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, "ನನ್ನನ್ನ ಹಾಗೇ ಹಿಡಿದು ಕೂರಿಸ್ತಿದ್ರು. ಕತ್ತಿನ ಮೇಲೆ ಕೂದಲು ಬಿದ್ರೆ ಬೆಂಕಿ ಬಿದ್ದ ಹಾಗೆ ಆಗ್ತಿತ್ತು. ಇದು ನಮ್ಮಪ್ಪನ ಅಂಗಡಿ. ಸಲೂನಿನವನ ಮಗನೇ ತಲೆ ಕೊಡಲ್ಲ ಅಂದ್ರೆ ಅಂಗಡಿ ಮಾನ ಏನಾಗಬೇಕು, ಅಲ್ವಾ?" ಎಂದು ನಕ್ಕ.

ನಕ್ಕಾಗ ಅವನ ಎಡಗೆನ್ನೆಯ ಮೇಲಿನ್ನೂ ಒಂದು ಹನಿ ನೀರಿತ್ತು. ಪಟ್ಟಿಯಕ್ಕ ಅದನ್ನೇ ನೋಡುತ್ತಿದ್ದಳು. ನೋಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಚೀಲದಲ್ಲಿ ಏನೋ ಹುಡುಕತೊಡಗಿದಳು. ಹುಡುಕಲು ಏನೂ ಇರಲಿಲ್ಲ.

ಗುರುವಾರ ಟೈಲರಮ್ಮನ ಮಗ ಅಜ್ಜನ ಕೈ ಎಳೆದುಕೊಂಡು ತಾನಾಗಿಯೇ ಹೋದ. ಟೈಲರಮ್ಮ ಫೋನು ಮಾಡಿ, "ಬೈದಿದ್ದು ಜಾಸ್ತಿಯಾಯ್ತು ಅಂತ ಅವರಿಗೆ ಹೇಳಿಬಿಡಿ" ಎಂದಳು. ಅದನ್ನು ಹೇಳಲು ಪಟ್ಟಿಯಕ್ಕ ಸಲೂನಿಗೆ ಹೋದಳು. ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ.

ಸಹಿ ಹಾಕುವ ಮುಂಚೆ ಇನ್ನೊಮ್ಮೆ ನೋಡಬೇಕೆಂದು ಮೂರನೆಯ ಸಲ ಹೋದಳು. ಸಹಿ ಹಾಕಿದ ಮೇಲೆ ಎಲ್ಲ ಸರಿಯಿದೆಯಾ ಎಂದು ನೋಡಲು ನಾಲ್ಕನೆಯ ಸಲ ಹೋದಳು.

ಕೇಂದ್ರದ ಅಧ್ಯಕ್ಷೆ, ಮೂವತ್ತು ವರ್ಷ ಮಕ್ಕಳ ವಾರ್ಡಿನಲ್ಲಿ ದುಡಿದು ನಿವೃತ್ತಳಾದ ನರ್ಸಮ್ಮ, ಎದುರಿನ ಮೇಜಿನಿಂದ ಕನ್ನಡಕದ ಮೇಲೆ ಕಣ್ಣು ಹಾಯಿಸಿದಳು. "ಪರಿಶೀಲನೆ ವರ್ಷಕ್ಕೆ ಎರಡು ಸಲ ಅಂತ ರೂಲು. ಆ ಹಲ್ಲಿನ ಡಾಕ್ಟರನ್ನ ನೀನು ನೋಡಿ ಹದಿನಾಲ್ಕು ತಿಂಗಳಾಯ್ತು."

"ಹಲ್ಲಿನ ಡಾಕ್ಟರ್ ಹಳಬರು. ಇವರು ಹೊಸಬರು."

"ಹೌದೌದು," ಎಂದಳು ನರ್ಸಮ್ಮ, "ಹೊಸಬರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪಟ್ಟಿಯಕ್ಕ ಅವತ್ತಿಡೀ ಹಲ್ಲಿನ ಡಾಕ್ಟರರ ಫೈಲು ಬಿಡಿಸಿಟ್ಟುಕೊಂಡು ಕೂತಳು.

ಐದನೆಯ ಸಲ ಹೋದಾಗ ಮಧ್ಯಾಹ್ನ, ಗಿರಾಕಿಗಳು ಇರಲಿಲ್ಲ. ಅವನು ಕಾಲಿನ ಪೆಡಲು ಒತ್ತಿ ಕುರ್ಚಿಯನ್ನು ತಗ್ಗಿಸಿದ.

"ಕೂತ್ಕೊಳ್ಳಿ."

"ನಾನ್ಯಾಕೆ?"

"ಮಕ್ಕಳನ್ನ ಈ ಕುರ್ಚಿಗೆ ಕಳಿಸ್ತೀರಿ. ಕೂತು ನೋಡದೆ ಸಹಿ ಹಾಕಿದೀರಲ್ಲ, ಇದು ಯಾವ ಸೀಮೆ ಪರೀಕ್ಷೆ?"

ಮಾತಿನಲ್ಲಿ ಸಿಕ್ಕಿಬಿದ್ದವಳು ಕೂತಳು. ಅವನು ಎಲ್ಲವನ್ನೂ ಮಕ್ಕಳಿಗೆ ಹೇಳುವ ಹಾಗೆಯೇ ಮೊದಲು ಹೇಳಿ ಆಮೇಲೆ ಮಾಡಿದ. ಈಗ ಬಟ್ಟೆ ಹೊದಿಸ್ತೀನಿ. ಈಗ ಬಾಚಣಿಗೆ, ಮುಟ್ಟಿ ನೋಡಿ, ಹಲ್ಲು ಚುಚ್ಚಲ್ಲ. ಈಗ ಹಣೆ ಮೇಲಿನ ಕೂದಲಿನ ತುದಿ, ಉಗುರಿನಷ್ಟು ಮಾತ್ರ. ಈ ಕೆಲಸಕ್ಕೆ ಅವನಿಗೆ ಕನ್ನಡಕ ಬೇಕು. ಹಾಕಿಕೊಂಡಾಗ ಅವನ ಕಣ್ಣು ದೊಡ್ಡದಾಗಿ, ಸ್ವಲ್ಪ ಗಾಬರಿಯಾದವನ ಹಾಗೆ ಕಾಣುತ್ತಿತ್ತು.

"ಸಾಕು ಅನಿಸಿದಾಗ ಕೈ ಎತ್ತಿ."

ಕತ್ತರಿ ಎರಡು ಸಲ ಸದ್ದು ಮಾಡಿತು. ಅವನ ಬೆರಳು ಹಣೆಗೆ ತಾಗಿತೋ ಇಲ್ಲವೋ, ಅಷ್ಟೇ. ಕನ್ನಡಿಯಲ್ಲಿ ಅವಳ ಕಣ್ಣಿಗೆ ಅವನ ಕಣ್ಣು ಸಿಕ್ಕಿತು. ಇಬ್ಬರೂ ಬೇರೆ ಕಡೆ ನೋಡಿದರು. ಮತ್ತೆ ಇಬ್ಬರೂ ಒಟ್ಟಿಗೇ ಕನ್ನಡಿಗೆ ಬಂದರು, ಒಟ್ಟಿಗೇ ಸಿಕ್ಕಿಬಿದ್ದು ನಕ್ಕರು. ಕೆಲಸ ಮುಗಿದು ಎಷ್ಟೋ ಹೊತ್ತಾಗಿತ್ತು. ಅವನು ಬಾಚಣಿಗೆ ಹಿಡಿದು ಹಾಗೇ ನಿಂತಿದ್ದ. ಅವಳು ಕೈ ಎತ್ತಲಿಲ್ಲ.

ಬಟ್ಟೆ ತೆಗೆಯುತ್ತಾ ಅವನು ಕೇಳಿದ: "ಊರ ಮಕ್ಕಳನ್ನೆಲ್ಲ ಕಳಿಸ್ತೀರಿ. ಮನೆಯಲ್ಲೊಬ್ಬ ಮಗಳಿದಾಳೆ ಅಂದಿದ್ರಲ್ಲ, ಅವಳನ್ನ ಯಾಕೆ ಕರ್ಕೊಂಡು ಬರಲ್ಲ?"

ಪಟ್ಟಿಯಕ್ಕನಿಗೆ ಹತ್ತು ವರ್ಷದ ಮಗಳಿದ್ದಳು. ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಅವಳ ಜಗತ್ತು ಬೇರೆಯವರದಕ್ಕಿಂತ ಬೇರೆ ಎಂದು ಡಾಕ್ಟರು ಹೇಳಿದ ವರ್ಷವೇ ಗಂಡ ಎನ್ನುವವನು ಬೇರೆ ಊರು, ಬೇರೆ ಸಂಸಾರ ನೋಡಿಕೊಂಡಿದ್ದ. ಕಾಗದಪತ್ರವೆಲ್ಲ ಎಂದೋ ಮುಗಿದಿತ್ತು. ಗುಬ್ಬಿಯ ಕೂದಲನ್ನು ಅಮ್ಮನೇ ಅವಳು ಟಿವಿ ನೋಡುವಾಗ ಕದ್ದು ಕದ್ದು ಕತ್ತರಿಸುತ್ತಿದ್ದಳು. ಹಿಂದಿನಿಂದ ನೋಡಿದರೆ ಇಲಿ ಕಡಿದ ಹಾಗಿರುತ್ತಿತ್ತು.

"ಅವಳು ಯಾರನ್ನೂ ಹತ್ತಿರ ಸೇರಿಸಲ್ಲ," ಎಂದಳು.

"ಅವಳಾ, ನೀವಾ?"

ಪಟ್ಟಿಯಕ್ಕ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು. ಆದರೆ ಮುಂದಿನ ವಾರ ಗುಬ್ಬಿಯನ್ನು ಕರೆದುಕೊಂಡು ಹೋದಳು. ಗುಬ್ಬಿ ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತು ಬಸ್ಸುಗಳ ನಂಬರು ಓದಿದಳು. ಅವನೂ ಹೊರಗೆ ಬಂದು ಎರಡು ಮೆಟ್ಟಿಲು ಕೆಳಗೆ ಕೂತು ಸುಮ್ಮನೆ ಕೇಳಿದ. ಎರಡನೆಯ ವಾರ ಒಳಗೆ ಬಂದಳು, ಕುರ್ಚಿ ತಿರುಗಿಸಿದಳು. ಮೂರನೆಯ ವಾರ ಅವನ ತಲೆಯನ್ನೇ ಬಾಚಿದಳು. ಆರನೆಯ ವಾರ ಕುರ್ಚಿಯಲ್ಲಿ ಕೂತು, "ಹದಿನೆಂಟು ಸಲ ಕತ್ತರಿಸು, ಹತ್ತೊಂಬತ್ತು ಬೇಡ" ಎಂದಳು. ಅವನು ಒಂದೊಂದೇ ಎಣಿಸಿ, ಹದಿನೆಂಟಕ್ಕೆ ಕತ್ತರಿ ಕೆಳಗಿಟ್ಟ. ಗುಬ್ಬಿ ತನ್ನ ಕತ್ತಿನ ಹಿಂದೆ ಮುಟ್ಟಿ ನೋಡಿಕೊಂಡು, "ನಾಳೆ ಬರಲ್ಲ. ಮುಂದಿನ ತಿಂಗಳು ಬರ್ತೀನಿ" ಎಂದು ಹೇಳಿ ಬಸ್ಸು ನೋಡಲು ಹೊರಗೆ ಹೋದಳು.

ಪಟ್ಟಿಯಕ್ಕನಿಗೆ ಅಳು ಬಂತು. ತಡೆಯಲಾಗಲಿಲ್ಲ. ಅವನು ಸಮಾಧಾನ ಮಾಡಲು ಬರಲಿಲ್ಲ. ಬೆನ್ನು ತಿರುಗಿಸಿ ಕಪಾಟಿನ ಬಾಚಣಿಗೆಗಳನ್ನು ಜೋಡಿಸತೊಡಗಿದ. ಅವು ಮೊದಲೇ ಸರಿಯಾಗಿ ಜೋಡಣೆಯಾಗಿದ್ದವು. ಅವಳು ಮೂಗು ಒರೆಸಿಕೊಂಡು ಮುಗಿಸುವ ತನಕ ತೆಗೆದು ತೆಗೆದು ಮತ್ತೆ ಅದೇ ಜಾಗಕ್ಕೆ ಇಟ್ಟ. ಆ ಅಗಲ ಬೆನ್ನು ನೋಡುತ್ತಾ ಅವಳಿಗೆ ಗೊತ್ತಾಯಿತು, ತಾನು ಈ ಮನುಷ್ಯನನ್ನು ಪ್ರೀತಿಸುತ್ತಿದ್ದೇನೆ. ಮುಂದಿನ ಕ್ಷಣವೇ ಹೆದರಿ, ಗುಬ್ಬಿ ಇದ್ದಲ್ಲಿಗೆ ಹೊರಗೆ ನಡೆದಳು.

ಅದಕ್ಕೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಪಟ್ಟಿಯಲ್ಲಿ ಒಬ್ಬ ಟ್ಯೂಷನ್ ಮೇಷ್ಟ್ರ ಹೆಸರಿತ್ತು. ಅವಳ ಚಿಕ್ಕಪ್ಪನ ಮಗ. "ನಮ್ಮ ಹುಡುಗ, ನಾನೇ ಗ್ಯಾರಂಟಿ" ಎಂದು ಮೂರು ಮನೆಯ ಮಾತೂ ಕೇಳದೆ, ಹೋಗಿಯೂ ನೋಡದೆ ಸೇರಿಸಿದ್ದಳು. ಅಳು ನಿಲ್ಲಿಸಲಿಲ್ಲವೆಂದು ಅವನು ಆರು ವರ್ಷದ ಹುಡುಗಿಯನ್ನು ಬಚ್ಚಲಲ್ಲಿ ಕೂಡಿಹಾಕಿದ್ದ. ಅವನ ಮೇಲೆ ದೂರು ಕೊಟ್ಟದ್ದೂ ಪಟ್ಟಿಯಕ್ಕನೇ, ಆ ನೆಂಟಸ್ತಿಕೆ ಅವತ್ತಿಗೇ ಮುಗಿಯಿತು. ಆದರೆ ಆ ಹುಡುಗಿಯ ತಾಯಿ ಕೇಂದ್ರಕ್ಕೆ ಬಂದು ಬೈಯಲಿಲ್ಲ, ಕೂಗಾಡಲಿಲ್ಲ. "ನೀವು ಹೇಳಿದ್ರಿ ಅಂತ ಕಳಿಸಿದ್ದೆ" ಎಂದಳು, ಅಷ್ಟೇ. ಆ ಒಂದು ಮಾತು ನಾಲ್ಕು ವರ್ಷವಾದರೂ ಪಟ್ಟಿಯಕ್ಕನ ಎದೆಯಿಂದ ಇಳಿದಿರಲಿಲ್ಲ.

ಆಮೇಲೆ ಅವಳೇ ಒಂದು ರೂಲು ಬರೆದಳು. ಪಟ್ಟಿ ನೋಡಿಕೊಳ್ಳುವವರಿಗೆ ಪಟ್ಟಿಯಲ್ಲಿರುವ ಯಾರ ಜೊತೆಗಾದರೂ ನಂಟು ಬೆಳೆದರೆ ಆ ಹೆಸರನ್ನು ಮೂವತ್ತು ದಿನ ತಡೆಹಿಡಿಯಬೇಕು. ಬೇರೆ ಇಬ್ಬರು ಹೋಗಿ ಹೊಸದಾಗಿ ಪರೀಕ್ಷಿಸಬೇಕು. ಕಾರಣವನ್ನು ನೇರ ಮಾತಿನಲ್ಲಿ ಬರೆದು ಅದೇ ದಿನ ಸಂಬಂಧಪಟ್ಟವರಿಗೂ ಎಲ್ಲ ಮನೆಗಳಿಗೂ ಕಳಿಸಬೇಕು.

ಎರಡು ವಾರ ಅವಳು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಓಡಾಡಿದಳು. ನಂಟು ಎಲ್ಲಿದೆ? ಕನ್ನಡಿಯಲ್ಲಿ ನೋಡಿದ್ದು ನಂಟೇ? ಒಟ್ಟಿಗೆ ಎರಡು ಸಲ ಚಹಾ ಕುಡಿದದ್ದು ನಂಟೇ?

ಒಂದು ಬೆಳಿಗ್ಗೆ ಹೊಸ ಮನೆಯಿಂದ ಫೋನು ಬಂತು. ತಾಯಿಯ ದನಿ ದಣಿದಿತ್ತು. ಮಗ ಕೂದಲು ಮುಟ್ಟಲು ಬಿಡದೆ ಒಂದು ವರ್ಷವಾಯಿತಂತೆ. "ಆ ಸಲೂನಿನವರು ಹೇಗೆ? ನೀವು ಒಂದು ಮಾತು ಹೇಳಿ ಸಾಕು, ಕಣ್ಣು ಮುಚ್ಚಿ ಕಳಿಸ್ತೀನಿ."

ಪಟ್ಟಿಯಕ್ಕ ಬಾಯಿ ತೆರೆದಳು. 'ಅವರಂಥವರು ಇನ್ನೊಬ್ಬರಿಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳುತ್ತಿರುವವಳು ಪಟ್ಟಿ ನೋಡಿಕೊಳ್ಳುವವಳೋ, ಪ್ರೀತಿಗೆ ಬಿದ್ದವಳೋ ಅವಳಿಗೇ ತಿಳಿಯಲಿಲ್ಲ. ಚಿಕ್ಕಪ್ಪನ ಮಗನ ಬಗ್ಗೆಯೂ ಇದೇ ದನಿಯಲ್ಲಿ ಹೇಳಿದ್ದಳಲ್ಲ.

"ಕಣ್ಣು ಮುಚ್ಚಬೇಡಿ," ಎಂದಳು. "ಒಂದು ನಂಬರ್ ಕೊಡ್ತೀನಿ, ಟೈಲರ್ ಒಬ್ಬರು. ಅವರ ಮಗ ಅಲ್ಲಿಗೆ ಹೋಗ್ತಾನೆ. ಅವರನ್ನ ಕೇಳಿ."

ಫೋನಿಟ್ಟು ಬೀರುವಿನಿಂದ ತಡೆಯ ಫಾರಮ್ಮು ತೆಗೆದಳು. ಹೆಸರು ಬರೆದಳು, ವಿಳಾಸ ಬರೆದಳು. ಕಾರಣ ಎಂಬ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ 'ವೈಯಕ್ತಿಕ ಕಾರಣ' ಎಂದು ಬರೆದು ನರ್ಸಮ್ಮನ ಮುಂದಿಟ್ಟಳು.

ನರ್ಸಮ್ಮ ಓದಿದಳು, ಹಾಗೇ ವಾಪಸ್ ತಳ್ಳಿದಳು. "ಅನಿವಾರ್ಯ ಸಂದರ್ಭದಿಂದ ಅಂತ ನಾನು ಬರೆದಾಗ ಮೂರು ಸಲ ಹಿಂದಕ್ಕೆ ಕಳಿಸಿದ್ದೋಳು ನೀನು."

"ನರ್ಸಮ್ಮ, ದಯವಿಟ್ಟು."

"ತಮಾಷೆ ಮಾಡ್ತಿಲ್ಲ ಮಗಳೇ. ಮಕ್ಕಳ ಜೊತೆ ಕೆಲಸ ಮಾಡೋ ಗಂಡಸಿನ ಹೆಸರು ತಡೆ ಹಿಡಿದಿದಾರೆ, ಕಾರಣ ಹೇಳ್ತಿಲ್ಲ ಅಂದ್ರೆ ಜನ ಏನಂದ್ಕೋತಾರೆ? ನಿನ್ನ ನಾಚಿಕೆ ಉಳಿಸಿಕೊಳ್ಳೋಕೆ ಅವನ ಮಾನ ಕಳೀತೀಯಾ?"

ಪಟ್ಟಿಯಕ್ಕ ತಾನು ಬರೆದದ್ದನ್ನು ಮತ್ತೆ ಓದಿದಳು. ತನ್ನ ಮುಖ ಉಳಿಯಬೇಕೋ ಅವನ ಹೆಸರು ಉಳಿಯಬೇಕೋ, ಎರಡರಲ್ಲಿ ಒಂದು. ಹಾವೂ ಸಾಯದ ಕೋಲೂ ಮುರಿಯದ ದಾರಿ ಅಲ್ಲಿರಲಿಲ್ಲ.

ಹೊಸ ಫಾರಮ್ಮು ತೆಗೆದುಕೊಂಡಳು. ಇದ್ದದ್ದನ್ನು ಇದ್ದ ಹಾಗೆ ಬರೆದಳು. ನೂರ ಹನ್ನೆರಡು ಮನೆಗಳವರು ಓದುತ್ತಾರೆಂದು ಗೊತ್ತಿದ್ದೂ ಬರೆದಳು. "ಒಂದೇ ಒಂದು ಬೇಡಿಕೆ," ಎಂದಳು. "ಸಂಜೆ ತನಕ ಕಳಿಸಬೇಡಿ. ಮೊದಲು ನಾನೇ ಹೋಗಿ ಅವರಿಗೆ ಬಾಯಲ್ಲಿ ಹೇಳ್ತೀನಿ."

"ಆಗಲಿ," ಎಂದಳು ನರ್ಸಮ್ಮ.

ಆದರೆ ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದ ಕೈ, ಸಹಿಯಾದ ಕಾಗದವನ್ನು ಮೇಜಿನ ಮೇಲೆ ಇಟ್ಟುಕೊಳ್ಳುವ ಕೈಯಲ್ಲ. ಊಟದ ಹೊತ್ತಿಗೆ ಮರೆತು, ಬೇರೆ ಪತ್ರಗಳ ಜೊತೆ ಅದನ್ನೂ ಲೈಬ್ರರಿ ಜವಾನನ ಕೈಗೆ ಕೊಟ್ಟುಬಿಟ್ಟಿದ್ದಳು. ಪಟ್ಟಿಯಕ್ಕ ಮೂರು ಗಂಟೆಗೆ ಟ್ರೇ ನೋಡಿದಾಗ ಖಾಲಿ.

"ಅಯ್ಯೋ!" ಎಂದಳು ನರ್ಸಮ್ಮ. ಅವಳು ಅಯ್ಯೋ ಎಂದದ್ದನ್ನು ಪಟ್ಟಿಯಕ್ಕ ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಹೊಸದಾಗಿ ಪರೀಕ್ಷಿಸುವ ಇಬ್ಬರಲ್ಲಿ ಒಬ್ಬಳಾಗಲು ಒಪ್ಪಿದ್ದ ಟೈಲರಮ್ಮ ಸಹಿ ಹಾಕಲು ಬಂದಿದ್ದಳು. ಅವಳಿನ್ನೂ ಕೂತಿರಲಿಲ್ಲ, ಮೆಟ್ಟಿಲಲ್ಲಿ ಧಡಧಡ ಸದ್ದಾಯಿತು.

ಎದ್ದೆನೋ ಬಿದ್ದೆನೋ ಎಂದು ಅವನು ಬಂದ. ಏಪ್ರನ್ ಬಿಚ್ಚಿರಲಿಲ್ಲ, ಜೇಬಿನಲ್ಲಿ ಬಾಚಣಿಗೆ ಹಾಗೇ ಇತ್ತು, ಕೈಯಲ್ಲಿ ಆ ಕಾಗದ. ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಾಗಿತ್ತು. ಪಟ್ಟಿಯಕ್ಕ ಎದ್ದು ನಿಂತಳು. ನೆಲ ಬಾಯಿ ಬಿಟ್ಟರೆ ಇಳಿದುಹೋಗಲು ಸಿದ್ಧಳಿದ್ದಳು.

"ಯಾವ ಮಗು?" ಎಂದ, ಏದುಸಿರು ಬಿಡುತ್ತಾ. "ಯಾವ ಮಗುಗೆ ಏನಾಯ್ತು? ಹೇಳಿ. ನನ್ನಿಂದ ಏನು ತಪ್ಪಾಯ್ತು?"

"ನೀವು... ಓದಲಿಲ್ವಾ?"

"ಮೇಲೆ ದಪ್ಪ ಅಕ್ಷರದಲ್ಲಿ ಇದೆಯಲ್ಲ, ಹೆಸರು ತಡೆ ಹಿಡಿಯಲಾಗಿದೆ ಅಂತ. ಅಷ್ಟು ಓದಿದ್ದೇ ಓಡಿಬಂದೆ. ಕೆಳಗಿನದು ಕಾಣಲ್ಲ, ಕನ್ನಡಕ ಅಂಗಡಿಯಲ್ಲೇ ಇದೆ. ದಾರಿಯುದ್ದಕ್ಕೂ ಒಬ್ಬೊಬ್ಬರನ್ನೇ ನೆನೆಸಿಕೊಂಡು ಬಂದೆ. ಹಳದಿ ಕಾಲುಚೀಲದವಳಿಗಾ? ಗುಬ್ಬಿಗಾ? ಕತ್ತರಿ ತಾಗಿತಾ?"

ತನ್ನ ಹೆಸರು ಹೋಯಿತು, ಅಂಗಡಿ ಹೋಯಿತು ಎಂದು ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ಪಟ್ಟಿಯಕ್ಕನ ಕಣ್ಣು ತುಂಬಿತು.

"ಯಾವ ಮಗುಗೂ ಏನೂ ಆಗಿಲ್ಲ. ಕೂತ್ಕೊಳ್ಳಿ. ಎಲ್ಲರೂ ಚೆನ್ನಾಗಿದಾರೆ."

ಅವನು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡ. "ಹಾಗಾದ್ರೆ ಇದೇನು? ಓದಿ ಹೇಳಿ."

ಕಾಗದ ಅವಳ ಕಡೆಗೆ ಚಾಚಿದ. ಪಟ್ಟಿಯಕ್ಕ ನರ್ಸಮ್ಮನನ್ನು ನೋಡಿದಳು, ಟೈಲರಮ್ಮನನ್ನು ನೋಡಿದಳು. ಇಬ್ಬರೂ ಎದ್ದು ಹೊರಗೆ ಹೋಗುವ ಲಕ್ಷಣ ಇರಲಿಲ್ಲ. ಟೈಲರಮ್ಮನಂತೂ ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡಳು.

"ನಿಮ್ಮ ಹೆಸರನ್ನು ಇಂದಿನಿಂದ ಮೂವತ್ತು ದಿನ ತಡೆಹಿಡಿಯಲಾಗಿದೆ," ಪಟ್ಟಿಯಕ್ಕ ಓದಿದಳು. "ಈ ಅವಧಿಯಲ್ಲಿ ಹೊಸ ಮನೆಯವರನ್ನು ನಿಮ್ಮಲ್ಲಿಗೆ ಕಳಿಸುವುದಿಲ್ಲ. ನಿಮ್ಮ ಕೆಲಸದ ಮೇಲೆ ಯಾವ ದೂರೂ ಇಲ್ಲ. ಕಾರಣ..."

"ಕಾರಣ?"

"ಕಾರಣ..." ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು. "ಕಾರಣ: ಪಟ್ಟಿ ನೋಡಿಕೊಳ್ಳುವವಳಿಗೆ ಇವರ ಮೇಲೆ ಪ್ರೀತಿಯಾಗಿದೆ. ಆದ್ದರಿಂದ ಇವರ ಬಗ್ಗೆ ಅವಳು ಹೇಳುವ ಒಳ್ಳೆಯ ಮಾತನ್ನು ಕುಟುಂಬಗಳು ನಂಬಬಾರದು."

ಅವನ ಮುಖಕ್ಕೆ ನಿಧಾನವಾಗಿ ಬಣ್ಣ ಬಂತು, ಕಿವಿಯ ತುದಿಯಿಂದ ಶುರುವಾಗಿ ಕೆನ್ನೆಗೆ ಇಳಿಯಿತು.

"ಯಾವ ಮಗುಗೂ ಏನೂ ಆಗಿಲ್ಲ," ಎಂದ, ಖಚಿತ ಮಾಡಿಕೊಳ್ಳುವ ಹಾಗೆ.

"ಇಲ್ಲ."

"ಆಗಿರೋದು ಇದು ಮಾತ್ರ."

"ಇದು ಮಾತ್ರ."

"ಇದನ್ನ ಇಷ್ಟು ಸಣ್ಣ ಅಕ್ಷರದಲ್ಲಾ ಬರೆಯೋದು?"

ಟೈಲರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಪಟ್ಟಿಯಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ನಾನೇ ಬಂದು ಹೇಳಬೇಕು ಅಂತಿದ್ದೆ. ಕಾಗದ ಮುಂಚೆ ಹೋಗಿಬಿಡ್ತು. ನಿಮಗೆ ಇಷ್ಟ ಇದೆಯೋ ಇಲ್ವೋ ಕೇಳದೆ ಊರಿಗೆಲ್ಲ ಸಾರಿಬಿಟ್ಟೆ. ಕ್ಷಮಿಸಿ. ಕೆಳಗೆ ಜಾಗ ಇದೆ, ನಿಮ್ಮ ಉತ್ತರ ಏಳು ದಿನದೊಳಗೆ ಬರೆದು ಕೊಡಬಹುದು. ಇಲ್ಲ ಅಂತಲೂ ಬರೆಯಬಹುದು."

"ಏಳು ದಿನ ಯಾಕೆ?" ಎಂದ. "ನನ್ನ ವಿಷಯ ನನಗೆ ಎರಡು ತಿಂಗಳಿಂದ ಗೊತ್ತು. ನೀವು ಕುರ್ಚಿಯಲ್ಲಿ ಕೂತು ಕೈ ಎತ್ತಲಿಲ್ಲವಲ್ಲ, ಅವತ್ತಿಂದ. ಹೇಳಿಬಿಟ್ರೆ ಪರೀಕ್ಷೆ ಅಂತ ಬರೋದನ್ನ ನಿಲ್ಲಿಸ್ತೀರೇನೋ ಅಂತ ಹೆದರಿ ಸುಮ್ಮನಿದ್ದೆ. ನಿಮ್ಮನ್ನ ಪ್ರೀತಿಸ್ತೀನಿ. ಎಲ್ಲಿ ಬರೀಬೇಕು ತೋರಿಸಿ, ದಪ್ಪ ಅಕ್ಷರದಲ್ಲೇ ಬರೀತೀನಿ."

ನರ್ಸಮ್ಮ ಗಂಟಲು ಸರಿಮಾಡಿಕೊಂಡಳು. "ಇಬ್ಬರಿಗೂ ಹೇಳ್ತೀನಿ ಕೇಳಿ. ಇದರಿಂದ ಪರೀಕ್ಷೆ ಸುಲಭ ಆಗುತ್ತೆ ಅಂದ್ಕೋಬೇಡಿ. ನಾನೂ ಈ ಟೈಲರಮ್ಮನೂ ಯಾವಾಗ ಬರ್ತೀವೋ ಹೇಳಲ್ಲ. ತಪ್ಪು ಕಂಡ್ರೆ ಬರೀತೀವಿ."

"ನಾನು ಎರಡರಷ್ಟು ಹುಡುಕ್ತೀನಿ," ಎಂದಳು ಟೈಲರಮ್ಮ. "ಈಗಲೇ ಹೇಳಿದೀನಿ."

"ಹುಡುಕಿ," ಎಂದ ಅವನು. ಆದರೆ ನಗು ಸ್ವಲ್ಪ ಇಳಿದಿತ್ತು. ಪಟ್ಟಿಯಕ್ಕನ ಕಡೆ ತಿರುಗಿ, ಬೇರೆ ಇಬ್ಬರು ಅಲ್ಲಿಲ್ಲವೇನೋ ಎಂಬ ಹಾಗೆ, ಮೆತ್ತಗೆ ಕೇಳಿದ: "ಅವರು ಪರೀಕ್ಷೆ ಮಾಡಿ ನಾನು ಸಾಲದು ಅಂತ ಹೆಸರು ತೆಗೆದುಬಿಟ್ರೆ?"

ಸುಳ್ಳು ಸಮಾಧಾನ ಹೇಳಲು ಪಟ್ಟಿಯಕ್ಕನಿಗೆ ಬರುತ್ತಿರಲಿಲ್ಲ, ಈ ಹೊತ್ತಿನಲ್ಲೂ ಬರಲಿಲ್ಲ. ಮೇಜು ಬಳಸಿಕೊಂಡು ಬಂದು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ತೆಗೆದ್ರೆ ತೆಗೀತಾರೆ. ನಾನು ನಿಮ್ಮ ಪರ ಒಂದು ಮಾತೂ ಆಡಲ್ಲ. ಮಕ್ಕಳಿಗೆ ಇನ್ನೊಬ್ಬರನ್ನ ಹುಡುಕ್ತೀನಿ," ಎಂದಳು. "ನನಗೆ ಇನ್ನೊಬ್ಬರನ್ನ ಹುಡುಕಲ್ಲ."